ಬಟನ್‌ಗೆ ಎರಡು ಪಿಕ್ಸೆಲ್ ಜಾಗ ಬಿಡೋಕೆ ಏಳು ನಿಮಿಷ. ದೊಡ್ಡ ಆ್ಯಪ್‌ನಲ್ಲಿ ಸ್ಕ್ರೀನ್ ಕೆಲಸ ಬೇಗ ಆಗೋದು ಹೇಗೆ?

ಸುಂಟಿಕೊಪ್ಪದ_ಹುಡುಗ ಕೇಳಿದ್ದು, ಆಗಸ್ಟ್ ಮೊದಲ ವಾರ

ಎಲ್ರಿಗೂ ನಮಸ್ಕಾರ. ಸುಂಟಿಕೊಪ್ಪದ ಹತ್ರ ಅಪ್ಪನ ತೋಟದ ಮನೆಯಲ್ಲಿ ಕೂತು ಕೆಲಸ ಮಾಡ್ತೀನಿ. ಕಂಪನಿ ಬೆಂಗಳೂರಲ್ಲಿದೆ, ಹೆಸರು ಬೇಡ. ಆಂಡ್ರಾಯ್ಡ್ ತಂಡದಲ್ಲೇ ಅರವತ್ತು ಚಿಲ್ಲರೆ ಜನ. ಎಂಟು ವರ್ಷದ ಕೋಡು, ಅರ್ಧ ಜಾವಾ, ಅರ್ಧ ಕೋಟ್ಲಿನ್. ಹಳೇ ಸ್ಕ್ರೀನೆಲ್ಲ ಎಕ್ಸ್‌ಎಂಎಲ್, ಹೊಸದು ಕಂಪೋಸ್ (ಸ್ಕ್ರೀನನ್ನೂ ಕೋಟ್ಲಿನ್‌ನಲ್ಲೇ ಬರೆಯೋ ಹೊಸ ದಾರಿ). ಇನ್ನೂರರ ಹತ್ರ ಮಾಡ್ಯೂಲ್, ಅಂದ್ರೆ ಕೋಡಿನ ಬೇರೆ ಬೇರೆ ತುಂಡು.

ನಿನ್ನೆ ಆಗಿದ್ದು ಹೇಳ್ತೀನಿ. ‘ಆರ್ಡರ್ ರದ್ದುಗೊಳಿಸಿ’ ಅನ್ನೋ ಬಟನ್ ಇದೆ. ಅದರ ಸುತ್ತ ಜಾಗ 12 ಇತ್ತು, 14 ಮಾಡಬೇಕಿತ್ತು. (ಆಂಡ್ರಾಯ್ಡ್‌ನಲ್ಲಿ ಅಳತೆ ಪಿಕ್ಸೆಲ್ ಅಲ್ಲ ಡಿಪಿ ಅಂತ ನನಗೂ ಗೊತ್ತು, ಅದಕ್ಕೆ ಜಗಳ ಬೇಡ.) ಸಂಖ್ಯೆ ಬದಲಾಯಿಸಿ ರನ್ ಒತ್ತಿದೆ. ಬಿಲ್ಡಿಗೆ, ಅಂದ್ರೆ ಕೋಡೆಲ್ಲ ಸೇರಿ ಆ್ಯಪ್ ಆಗೋಕೆ, 6 ನಿಮಿಷ 50 ಸೆಕೆಂಡ್. ಆಮೇಲೆ ಆ್ಯಪ್ ತೆರೀತು, ಲಾಗಿನ್ ಕೇಳ್ತು, ಒಟಿಪಿ ಕೇಳ್ತು. ರದ್ದು ಮಾಡೋಕೆ ಒಂದು ಆರ್ಡರ್ ಬೇಕಲ್ಲ, ಟೆಸ್ಟ್ ಖಾತೆಯಿಂದ ಮೊದಲು ಒಂದು ಆರ್ಡರ್ ಹಾಕಿದೆ. ಐದು ಸ್ಕ್ರೀನ್ ದಾಟಿ ಬಟನ್ ಹತ್ರ ಹೋಗಿ ಚಿತ್ರ ತೆಗೆದು ಡಿಸೈನರ್‌ಗೆ ಕಳಿಸಿದೆ. ‘16 ನೋಡೋಣ’ ಅಂದ್ರು.

ನಿನ್ನೆ ನಮ್ಮ ಕೊಡಗಿನ ಕಕ್ಕಡ 18 ಹಬ್ಬ ಬೇರೆ. ಅಮ್ಮ ಮದ್ದು ಸೊಪ್ಪಿನ ಪಾಯಸ ಮಾಡಿದ್ರು. ಮೊದಲ ಬಿಲ್ಡಿಗೆ ಒಂದು ಬಟ್ಟಲು, ಎರಡನೇ ಬಿಲ್ಡಿಗೆ ಇನ್ನೊಂದು ಬಟ್ಟಲು. ಮೂರನೇದು ಅರ್ಧ ಆಗಿತ್ತು, ಕರೆಂಟ್ ಹೋಯ್ತು. ಇನ್ವರ್ಟರ್ ಮೇಲೆ ಲ್ಯಾಪ್‌ಟಾಪ್ ಓಡುತ್ತೆ, ಆದ್ರೆ ಕೆಳಗಿನ ಕಂಬದ ಹತ್ರ ಎಲ್ಲೋ ಮರ ಬಿದ್ದು ನೆಟ್ ಸಹ ಹೋಗಿತ್ತು. ಬಿಲ್ಡು ರಿಮೋಟ್ ಕ್ಯಾಶ್ (ಮೊದಲೇ ಕಂಪೈಲ್ ಆಗಿರೋ ತುಂಡುಗಳನ್ನ ಇಟ್ಟಿರೋ ಸರ್ವರ್) ಹುಡುಕ್ತಾ ಹುಡುಕ್ತಾ ಸತ್ತೇ ಹೋಯ್ತು. ಮಧ್ಯಾಹ್ನ ಪೂರ್ತಿ ಹೋಗಿದ್ದು ಒಂದು ಬಟನ್‌ಗೆ.

ತಂಡದ ಸಭೆಯಲ್ಲಿ ಇದನ್ನೇ ಸ್ವಲ್ಪ ಜೋರಾಗಿ ಹೇಳಿಬಿಟ್ಟೆ. ಮ್ಯಾನೇಜರ್ ಸಮಾಧಾನವಾಗಿ ಕೇಳಿಸ್ಕೊಂಡು, ‘ಹಾಗಾದ್ರೆ ನೀನೇ ಎರಡು ವಾರದಲ್ಲಿ ಒಂದು ಪ್ರಸ್ತಾವ ಕೊಡು, ಮುಂದಿನ ತ್ರೈಮಾಸಿಕದಲ್ಲಿ ಸ್ಕ್ರೀನ್ ಕೆಲಸ ಎರಡು ಪಟ್ಟು ವೇಗ ಆಗಬೇಕು’ ಅಂದ್ರು. ಈಗ ಮೇಜಿನ ಮೇಲೆ ಇರೋ ಮಾತು ಮೂರು: ಎಲ್ಲರಿಗೂ ಹೊಸ ಲ್ಯಾಪ್‌ಟಾಪ್. ಇಲ್ಲಾ ಎಲ್ಲಾನೂ ಫ್ಲಟರ್‌ಗೆ (ಒಂದೇ ಕೋಡಿನಿಂದ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಆ್ಯಪ್ ಕಟ್ಟೋ ಸಲಕರಣೆ) ಬದಲಾಯಿಸೋದು. ಇಲ್ಲಾ ಸ್ಕ್ರೀನ್ ಹೇಗಿರಬೇಕು ಅಂತ ಸರ್ವರ್‌ನಿಂದಲೇ ಕಳಿಸೋದು. ಮೂರೂ ದೊಡ್ಡ ಮಾತು. ನನಗೆ ಮೊದಲು ಯಾವ ಕಡೆ ಕೈ ಹಾಕಬೇಕು ಅನ್ನೋದೇ ತಿಳೀತಿಲ್ಲ. ದೊಡ್ಡ ತಂಡದಲ್ಲಿ ಇದನ್ನ ಮಾಡಿದವರು ಇದ್ರೆ ಹೇಳಿ.

---

ಇಂಚು_ಸೆಂಟ್ಸ್, ಗೋಣಿಕೊಪ್ಪ

ನಿಮ್ಮ ತೋಟದಲ್ಲಿ ಮಳೆ ಮಾಪಕ ಇದ್ದೇ ಇರುತ್ತೆ. ಅಪ್ಪ ಬೆಳಿಗ್ಗೆ ಎದ್ದು ಇಂಚು, ಸೆಂಟ್ಸ್ ಲೆಕ್ಕದಲ್ಲಿ ಡೈರಿಗೆ ಬರೀತಾರೆ ಅಲ್ವಾ? ಪಕ್ಕದ ತೋಟದವರು ಬಂದು ‘ಈ ವರ್ಷ ಮಳೆ ಭಾರಿ’ ಅಂದ್ರೆ ಡೈರಿ ತೆಗೆದು ತೋರಿಸ್ತಾರೆ. ನೀವು 6 ನಿಮಿಷ 50 ಸೆಕೆಂಡ್ ಅಂತ ಬರೆದಿದ್ದೀರಿ. ಸರಿ, 410 ಸೆಕೆಂಡ್. ಅದು ಎಲ್ಲಿ ಬಿತ್ತು ಅಂತ ಬರೆದಿಲ್ಲ. ಆಂಡ್ರಾಯ್ಡ್ ಸ್ಟುಡಿಯೋದಲ್ಲೇ ಬಿಲ್ಡ್ ಅನಲೈಸರ್ ಇದೆ, ಬಿಲ್ಡ್ ಆದ ಮೇಲೆ ಅದನ್ನ ತೆಗೀರಿ. ಯಾವ ಕೆಲಸಕ್ಕೆ ಎಷ್ಟು ಸೆಕೆಂಡ್, ಯಾವ ಪ್ಲಗಿನ್‌ನಿಂದ ಅಂತ ತೋರಿಸುತ್ತೆ. ಲ್ಯಾಪ್‌ಟಾಪ್ ಮಾತು ಆಮೇಲೆ.

ಕಣ್ಣು ಮುಚ್ಚಿ ಊಹೆ ಹೇಳಬೇಕು ಅಂದ್ರೆ ಎರಡು ಪ್ರಶ್ನೆ. ಒಂದು, ಆ ಹಳೇ ಸ್ಕ್ರೀನ್ ಡೇಟಾ ಬೈಂಡಿಂಗ್‌ನಲ್ಲಿದೆಯಾ (ಎಕ್ಸ್‌ಎಂಎಲ್ ಒಳಗೇ ಡೇಟಾ ಜೋಡಿಸೋ ಪದ್ಧತಿ)? ಎರಡು, 14 ಅನ್ನೋದನ್ನ ನೇರವಾಗಿ ಬರೆದ್ರಾ, ಇಲ್ಲಾ ಎಲ್ಲರೂ ಬಳಸೋ ಕಾಮನ್ ಮಾಡ್ಯೂಲ್‌ನಲ್ಲಿ ಹೊಸ ಡೈಮೆನ್ಷನ್ (ಹೆಸರಿಟ್ಟ ಅಳತೆ) ಅಂತ ಸೇರಿಸಿದ್ರಾ?

---

ಸುಂಟಿಕೊಪ್ಪದ_ಹುಡುಗ

ಎರಡಕ್ಕೂ ಹೌದು. ನೀವು ನನ್ನ ಹಿಂದೆ ನಿಂತು ನೋಡಿದ ಹಾಗಿದೆ.

ಅನಲೈಸರ್ ಹೇಳಿದ್ದು: ಕಾಪ್ಟ್ ಅನ್ನೋ ಹಂತಕ್ಕೆ 170 ಸೆಕೆಂಡ್. ಬೇರೆ ಮಾಡ್ಯೂಲ್‌ಗಳ ಕೋಟ್ಲಿನ್ ಮತ್ತೆ ಕಂಪೈಲ್ ಆಗೋಕೆ 95. ಬರೀ ಕಾನ್ಫಿಗರೇಷನ್, ಅಂದ್ರೆ ಒಂದು ಸಾಲು ಕೋಡೂ ಮುಟ್ಟೋ ಮೊದಲು, 55. ಉಳಿದ 90 ಡೆಕ್ಸ್ (ಫೋನಿಗೆ ಅರ್ಥ ಆಗೋ ರೂಪಕ್ಕೆ ತರೋದು), ಪ್ಯಾಕೇಜು, ಫೋನಿಗೆ ಹಾಕೋದು. ಅಂಕಿ ಸುತ್ತು ಮಾಡಿದ್ದೀನಿ.

---

ನೆರೆಮನೆ_ರೊಬಸ್ಟಾ

ಮ್ಯಾಕ್ ಕೊಡಿಸಲಿ ಬಿಡಿ ಸಾರ್, ಹೊಸ ಚಿಪ್ಪಿಂದು. ಅಷ್ಟೂ ಅರ್ಧ ಆಗುತ್ತೆ.

---

ಇಂಚು_ಸೆಂಟ್ಸ್, ಗೋಣಿಕೊಪ್ಪ

ಅರ್ಧ ಆದ್ರೂ ಮೂರೂವರೆ ನಿಮಿಷ. ಮೂರೂವರೆ ನಿಮಿಷದಲ್ಲಿ ಮನುಷ್ಯ ವಾಟ್ಸ್‌ಆ್ಯಪ್ ತೆಗೀತಾನೆ, ಆಮೇಲೆ ಹದಿನೈದು ನಿಮಿಷ ವಾಪಸ್ ಬರಲ್ಲ. ಯಂತ್ರ ಬೇಡ ಅಂತಲ್ಲ, ಕೊಟ್ರೆ ತಗೊಳ್ಳಿ. ಆದ್ರೆ ಪೈಪ್ ಸೋರ್ತಿರೋವಾಗ ದೊಡ್ಡ ಮೋಟಾರ್ ಕೂರಿಸಿದ ಹಾಗೆ ಅದು.

ಈಗ ನಿಮ್ಮ ಅಂಕಿಗೆ ಬರ್ತೀನಿ. ದೊಡ್ಡದು ಕಾಪ್ಟ್. ಅದು ಮಾಡೋದು ಇಷ್ಟು: ಹಳೇ ಅನೋಟೇಷನ್ ಪ್ರೊಸೆಸರ್‌ಗಳಿಗೆ (ಕೋಡಿನಲ್ಲಿರೋ ಗುರುತು ನೋಡಿ ತಾವೇ ಇನ್ನಷ್ಟು ಕೋಡು ಬರೆಯೋ ಸಲಕರಣೆ) ಕೋಟ್ಲಿನ್ ಓದೋಕೆ ಬರಲ್ಲ, ಜಾವಾ ಮಾತ್ರ ಗೊತ್ತು. ಅದಕ್ಕೆ ಕಾಪ್ಟ್ ನಿಮ್ಮ ಕೋಟ್ಲಿನ್ ಫೈಲಿಗೆಲ್ಲ ಜಾವಾ ಪೊಳ್ಳು ಒಂದೊಂದು ಬರೆದು ಮುಂದಿಡುತ್ತೆ. ಆ ಪೊಳ್ಳು ಬರೆಯೋದ್ರಲ್ಲೇ ಹೊತ್ತು ಹೋಗುತ್ತೆ. ಕೆಎಸ್‌ಪಿ ಬಂದಿದ್ದು ಇದಕ್ಕೇ, 2021ರಲ್ಲಿ ಅದರ 1.0 ಬಂತು, ನೇರವಾಗಿ ಕೋಟ್ಲಿನ್ ಓದುತ್ತೆ. ರೂಮ್, ಮೋಶಿ, ಗ್ಲೈಡ್ ಥರದ ಲೈಬ್ರರಿಗಳೆಲ್ಲ ಅದಕ್ಕೆ ಒಗ್ಗಿವೆ, ಡ್ಯಾಗರ್‌ನಲ್ಲೂ ಬಂದಿದೆ. ಆದ್ರೆ ಜನ ಎಡವೋ ಜಾಗ ಒಂದಿದೆ. ಒಂದು ಮಾಡ್ಯೂಲ್‌ನಲ್ಲಿ ನಾಲ್ಕು ಪ್ರೊಸೆಸರ್ ಇದ್ದು ಮೂರನ್ನ ಮಾತ್ರ ಬದಲಾಯಿಸಿದ್ರೆ ಲಾಭ ಕಾಣಲ್ಲ. ನಾಲ್ಕನೇದಕ್ಕೋಸ್ಕರ ಪೊಳ್ಳು ಬರೆಯೋದು ಮುಂದುವರಿಯುತ್ತೆ. ಆ ನಾಲ್ಕನೇದು ಸಾಮಾನ್ಯವಾಗಿ ಡೇಟಾ ಬೈಂಡಿಂಗೇ ಆಗಿರುತ್ತೆ, ಅದಕ್ಕೆ ಕೆಎಸ್‌ಪಿ ಇಲ್ಲ. ಅದಕ್ಕಿಂತ ಸರಳವಾದ ವ್ಯೂ ಬೈಂಡಿಂಗ್‌ಗೆ ಅನೋಟೇಷನ್ ಗೋಜೇ ಇಲ್ಲ. ಮೊದಲು ಎಕ್ಸ್‌ಎಂಎಲ್ ಒಳಗೆ ತುರುಕಿರೋ ತರ್ಕ ಹೊರಗೆ ತೆಗೀರಿ, ಆಮೇಲೆ ವ್ಯೂ ಬೈಂಡಿಂಗ್‌ಗೆ ಇಳಿಸಿ. ಎಲ್ಲಾ ಸ್ಕ್ರೀನನ್ನೂ ಕಂಪೋಸ್‌ನಲ್ಲಿ ಬರೀತೀನಿ ಅಂತ ಹೊರಡಬೇಡಿ.

95 ಸೆಕೆಂಡ್ ಯಾಕೆ ಅಂದ್ರೆ ನಿಮ್ಮ 14. ಕಾಮನ್ ಮಾಡ್ಯೂಲ್‌ಗೆ ಹೊಸ ಹೆಸರು ಸೇರಿಸಿದ್ರಿ, ಅದರ ಆರ್ ಕ್ಲಾಸ್ (ಅಳತೆ, ಬಣ್ಣ, ಪಠ್ಯಗಳ ಹೆಸರಿನ ಪಟ್ಟಿ) ಬದಲಾಯ್ತು, ಅದನ್ನ ಹೊತ್ತುಕೊಂಡಿರೋ ಎಲ್ಲರ ಆರ್ ಕ್ಲಾಸೂ ಬದಲಾಯ್ತು. ನಾನ್ ಟ್ರಾನ್ಸಿಟಿವ್ ಆರ್ ಕ್ಲಾಸ್ ಅನ್ನೋ ಸ್ವಿಚ್ ಇದೆ, ಆನ್ ಇದ್ರೆ ಪ್ರತಿ ಮಾಡ್ಯೂಲ್ ತನ್ನ ಹೆಸರುಗಳನ್ನ ಮಾತ್ರ ಇಟ್ಕೊಳ್ಳುತ್ತೆ. ಬಿಲ್ಡ್ ನಡೆಸೋ ಗ್ರೇಡಲ್‌ನ ಆಂಡ್ರಾಯ್ಡ್ ಪ್ಲಗಿನ್ 8.0ರಿಂದ ತಾನಾಗೇ ಆನ್ ಇರುತ್ತೆ, ಆದ್ರೆ ಹಳೇ ಪ್ರಾಜೆಕ್ಟ್‌ಗಳನ್ನ ಅಪ್‌ಗ್ರೇಡ್ ಮಾಡುವಾಗ ಹಳೇ ನಡತೆ ಉಳಿಸೋಕೆ ಸ್ಟುಡಿಯೋದ ಅಪ್‌ಗ್ರೇಡ್ ಸಹಾಯಕನೇ ಆಫ್ ಅಂತ ಒಂದು ಸಾಲು ಸೇರಿಸಿ ಹೋಗಿರ್ತಾನೆ. ಗ್ರೇಡಲ್ ಪ್ರಾಪರ್ಟೀಸ್ ಫೈಲ್ ನೋಡಿ, ಇದ್ದೇ ಇರುತ್ತೆ. ಹಾಗೇ ಎಷ್ಟು ಕಡೆ ‘ಇಂಪ್ಲಿಮೆಂಟೇಷನ್’ ಬದಲು ‘ಎಪಿಐ’ ಅಂತ ಬರೆದಿದ್ದಾರೆ ಎಣಿಸಿ. ಎಪಿಐ ಅಂತ ಬರೆದ್ರೆ ನೀವು ಬಳಸೋ ಮಾಡ್ಯೂಲ್ ನಿಮ್ಮನ್ನ ಬಳಸೋರಿಗೂ ಅಂಟಿಕೊಳ್ಳುತ್ತೆ, ನಿಮ್ಮ ಮನೆ ಸಾಲವನ್ನ ಬೀದಿಗೆಲ್ಲ ಹಂಚಿದ ಹಾಗೆ.

ಆ 55 ಸೆಕೆಂಡಿಗೆ ಕಾನ್ಫಿಗರೇಷನ್ ಕ್ಯಾಶ್ (ಒಮ್ಮೆ ಮಾಡಿದ ತಯಾರಿಯನ್ನ ಇಟ್ಕೊಂಡು ಮತ್ತೆ ಬಳಸೋದು), ಗ್ರೇಡಲ್ 8.1ರಿಂದ ಸ್ಥಿರ. ನಿಮ್ಮ ಕಂಪನಿಯವರೇ ಬರೆದ ಪ್ಲಗಿನ್‌ಗಳು ಒಂದಷ್ಟು ಜಗಳ ತೆಗೀತವೆ, ತೆಗೆದುಕೊಳ್ಳಲಿ.

---

ಒಟ್ಟಕ್ಷರ, ಮಡಿಕೇರಿ

ನಾನು ಡಿಸೈನರ್. ಈ ಕಥೆಯಲ್ಲಿ ‘16 ನೋಡೋಣ’ ಅಂದ ಪಾಪಿ ಜಾತಿಯವಳು. ಗಂಡಸರೆಲ್ಲ ಸೆಕೆಂಡ್ ಲೆಕ್ಕ ಮುಗಿಸಿದ್ರೆ ನಾನೊಂದು ದಿನದ ಲೆಕ್ಕ ಕೇಳ್ತೀನಿ.

ಒಂದು ಸ್ಕ್ರೀನ್ ಟಿಕೆಟ್ ತೆರೆದ ದಿನದಿಂದ ಮುಚ್ಚಿದ ದಿನದವರೆಗೆ ಎಷ್ಟಾಯ್ತು, ಅದರಲ್ಲಿ ನಿಮ್ಮ ಕೈ ಕೀಬೋರ್ಡ್ ಮೇಲೆ ಇದ್ದಿದ್ದು ಎಷ್ಟು ದಿನ ಅಂತ ಹಳೇ ಹತ್ತು ಟಿಕೆಟ್ ತೆಗೆದು ನೋಡಿ. ನಾನು ಹಿಂದೆ ಇದ್ದ ಕಡೆ ಕೋಡಿಗೆ ಎರಡು ದಿನ, ‘ನೋಡಿ ಹೇಳ್ತೀನಿ’ಗೆ ಒಂದು ವಾರ. ಯಾಕೆ ಅಂದ್ರೆ ನಾನು ನೋಡಬೇಕು ಅಂದ್ರೆ ನನ್ನ ಫೋನಿಗೆ ಬಿಲ್ಡ್ ಬರಬೇಕು, ನಾನೂ ಒಟಿಪಿ ಹಾಕಿ, ನಾನೂ ಆರ್ಡರ್ ಮಾಡಿ ಐದು ಸ್ಕ್ರೀನ್ ದಾಟಬೇಕು. ದೋಷ ಬಂದಾಗ ಹೇಗೆ ಕಾಣುತ್ತೆ, ಪಟ್ಟಿ ಖಾಲಿ ಇದ್ರೆ ಹೇಗೆ, ಅದನ್ನ ನೋಡೋಕೆ ದಾರಿಯೇ ಇರಲಿಲ್ಲ.

ಇನ್ನು 12, 14, 16. ಇದು ನಮ್ಮ ತಪ್ಪು, ಒಪ್ಪಿಕೊಳ್ತೀನಿ. ನಿಮ್ಮ ಡೈಮೆನ್ಷನ್ ಫೈಲ್ ತೆಗೆದು ನೋಡಿದ್ರೆ 1ರಿಂದ 40ರವರೆಗೆ ಎಲ್ಲ ಸಂಖ್ಯೆಯೂ ಇರುತ್ತೆ ಅಂತ ಬರೆದುಕೊಡ್ತೀನಿ. ಡಿಸೈನ್ ಟೋಕನ್ ಅಂತ ಮಾಡ್ಕೊಂಡು 4, 8, 12, 16, 24, 32 ಇಷ್ಟೇ ಇಟ್ರೆ ಮುಕ್ಕಾಲು ಚರ್ಚೆ ಮುಗೀತು. 14 ಅನ್ನೋದೇ ಹುಟ್ಟಲ್ಲ. ಬಣ್ಣಕ್ಕೂ ಹಾಗೇ: ‘ನೀಲಿ 500’ ಅಂತ ಸ್ಕ್ರೀನಿನಲ್ಲಿ ಬರೀಬಾರದು, ‘ಮುಖ್ಯ ಬಟನ್ ಹಿನ್ನೆಲೆ’ ಅಂತ ಬರೀಬೇಕು.

ನನ್ನ ನಿಜವಾದ ಸಂಕಟ ಬೇರೆ, ಹೆಸರು ನೋಡಿದ್ರೆ ಗೊತ್ತಾಗುತ್ತೆ. ಎಲ್ಲರೂ ಇಂಗ್ಲಿಷಿನಲ್ಲಿ ಸ್ಕ್ರೀನ್ ನೋಡಿ ಸೈ ಅಂತಾರೆ. ಕನ್ನಡಕ್ಕೆ ಹಾಕಿದ ಕೂಡಲೇ ಎತ್ತರ ಗಟ್ಟಿ ಮಾಡಿಟ್ಟ ಡಬ್ಬಿಯಲ್ಲಿ ಒತ್ತು ಕತ್ತರಿಸಿ ಹೋಗುತ್ತೆ. ‘ರದ್ದು’ ಅನ್ನೋದ್ರ ಕೆಳಗಿನ ದ ಅರ್ಧ, ‘ರಾಷ್ಟ್ರೀಯ’ದ ಕೆಳಗೆ ನೇತಾಡೋದೆಲ್ಲ ಮಾಯ. ಜತೆಗೆ ಆಂಡ್ರಾಯ್ಡ್ 15ನ್ನ ಗುರಿ ಮಾಡಿದ ಆ್ಯಪ್‌ಗಳಲ್ಲಿ ಕನ್ನಡ, ತಮಿಳು, ತೆಲುಗು, ಮಲಯಾಳಂ ಥರದ ಲಿಪಿಗಳಿಗೆ ಎಲಿಗೆಂಟ್ ಟೆಕ್ಸ್ಟ್ ಹೈಟ್ ತಾನಾಗೇ ಆನ್ ಆಗಿರುತ್ತೆ, ಅಕ್ಷರಕ್ಕೆ ಮೇಲೆ ಕೆಳಗೆ ಜಾಗ ಜಾಸ್ತಿ. ಓದೋರಿಗೆ ಒಳ್ಳೇದೇ. ಆದ್ರೆ ಎತ್ತರ ಲೆಕ್ಕ ಹಾಕಿ ಕಟ್ಟಿದ ಸ್ಕ್ರೀನ್‌ಗಳೆಲ್ಲ ಒಂದು ಸಲ ಅಲುಗಾಡ್ತವೆ.

ಚಿತ್ರದ ಪರೀಕ್ಷೆ ಇಟ್ಕೊಳ್ಳಿ. ಪಾಪರಾಜಿ ಅಂತ ಇದೆ, ಕ್ಯಾಶ್ ಆ್ಯಪ್‌ನವರು ಮಾಡಿದ್ದು. ಫೋನೂ ಬೇಡ, ಎಮ್ಯುಲೇಟರೂ ಬೇಡ, ಕಂಪ್ಯೂಟರಿನಲ್ಲೇ ಸ್ಕ್ರೀನಿನ ಚಿತ್ರ ತೆಗೆದುಕೊಡುತ್ತೆ. ನನಗೆ ಚಿತ್ರ ಕೊಡಿ, ಅವತ್ತೇ ಹೇಳ್ತೀನಿ.

---

ಬೇತ್ರಿ_ಐಒಎಸ್

ನಾನು ಆ್ಯಪಲ್ ಕಡೆಯವನು, ಅದಕ್ಕೆ ಉದ್ದ ಕೊರೆಯಲ್ಲ. ಒಂದೇ ಮಾತು: ಬಟನ್ ನೋಡೋಕೆ ಇಡೀ ಆ್ಯಪ್ ಯಾಕೆ ಕಟ್ತೀರಿ? ಏರ್‌ಬಿಎನ್‌ಬಿ ಐಒಎಸ್ ತಂಡದವರು ‘ಡೆವ್ ಆ್ಯಪ್’ ಅನ್ನೋ ಪದ್ಧತಿ ಬಗ್ಗೆ ಬರೆದುಕೊಂಡಿದ್ದಾರೆ. ಕೆಲಸ ಮಾಡ್ತಿರೋ ಮಾಡ್ಯೂಲ್ ಮತ್ತು ಅದಕ್ಕೆ ಬೇಕಾದಷ್ಟು ಮಾತ್ರ ಸೇರಿಸಿ ಪುಟಾಣಿ ಆ್ಯಪ್ ಎಬ್ಬಿಸೋದು. ಲಾಗಿನ್ ಇಲ್ಲ, ಸರ್ವರ್ ಇಲ್ಲ, ಸುಳ್ಳು ಡೇಟಾ. ನಮ್ಮಲ್ಲೂ ಅದನ್ನೇ ಮಾಡಿದ್ವಿ, ಅದಾದ ಮೇಲೆ ಇಡೀ ಆ್ಯಪ್ ಕಟ್ಟೋದು ನನಗೆ ದಿನಕ್ಕೆ ಒಂದೋ ಎರಡೋ ಸಲ.

ಫ್ಲಟರ್ ಬಗ್ಗೆ: ಹಾಟ್ ರಿಲೋಡ್ (ಕೋಡು ಬದಲಾಯಿಸಿದ್ದು ಓಡ್ತಿರೋ ಆ್ಯಪ್‌ನಲ್ಲೇ ತಕ್ಷಣ ಕಾಣೋದು) ಚೆನ್ನಾಗಿದೆ, ಸುಳ್ಳಲ್ಲ. ಹೊಸದಾಗಿ ಶುರು ಮಾಡೋರಾದ್ರೆ ನಾನೇ ಹೇಳ್ತಿದ್ದೆ. ಆದ್ರೆ ಎಂಟು ವರ್ಷದ ನೇಟಿವ್ (ಆಯಾ ಫೋನಿನ ವ್ಯವಸ್ಥೆಗೇ ಬರೆದ) ಆ್ಯಪ್ ಒಳಗೆ ಅದನ್ನ ಕೂರಿಸಿದ್ರೆ ಎರಡೂ ಲೋಕ ಸಾಕಬೇಕು, ಸೇತುವೆನೂ ಕಾಯಬೇಕು. ಇದೇ ಏರ್‌ಬಿಎನ್‌ಬಿ, ಫ್ಲಟರ್ ಥರದ್ದೇ ಆದ ರಿಯಾಕ್ಟ್ ನೇಟಿವ್ ಬಿಟ್ಟು ನೇಟಿವ್‌ಗೆ ವಾಪಸ್ ಹೋಗ್ತೀವಿ ಅಂತ 2018ರಲ್ಲಿ ಪ್ರಕಟಿಸಿದ್ದು ನೆನಪಿರಲಿ. ರಿಯಾಕ್ಟ್ ನೇಟಿವ್ ಕೆಟ್ಟದ್ದು ಅಂತ ಅದರರ್ಥ ಅಲ್ಲ, ಎರಡು ದೋಣಿ ಕಷ್ಟ ಅಂತ.

ಸರ್ವರ್‌ನಿಂದ ಸ್ಕ್ರೀನ್ ಕಳಿಸೋದು ಮುಖಪುಟ, ಬ್ಯಾನರ್, ಪಟ್ಟಿ ಇಂಥದ್ದಕ್ಕೆ ಸರಿ. ಸ್ಟೋರ್ ಅನುಮತಿಗೆ ಕಾಯೋ ಅಗತ್ಯ ಇಲ್ಲ. ಆದ್ರೆ ಹೊಸ ತುಣುಕು ಹಳೇ ಆ್ಯಪ್‌ಗೆ ಗೊತ್ತಿರಲ್ಲ, ಅದನ್ನ ಏನು ಮಾಡ್ತೀರಿ ಅಂತ ಮೊದಲೇ ಯೋಚಿಸಿರಬೇಕು. ಭಾಗಮಂಡಲದಿಂದ ತಲಕಾವೇರಿಗೆ ಹತ್ತೋ ದಾರಿಯಲ್ಲಿ ಒಂದು ಸಲ ನಿಮ್ಮ ಮುಖಪುಟ ತೆರೆದು ನೋಡಿ, ಸಿಗ್ನಲ್ ಇಲ್ಲದಾಗ ಬಿಳಿ ಹಾಳೆ ಬಂದ್ರೆ ಆ ವಿನ್ಯಾಸ ಇನ್ನೂ ಮುಗಿದಿಲ್ಲ.

---

ಸುಂಟಿಕೊಪ್ಪದ_ಹುಡುಗ, ನವೆಂಬರ್ ಕೊನೆ

ಮೂರೂ ಮುಕ್ಕಾಲು ತಿಂಗಳು ಆಯ್ತು, ಉತ್ತರ ಕೊಡದೆ ಕಳ್ಳನ ಹಾಗೆ ಇದ್ದೆ. ಆಗಿದ್ದು ಇಲ್ಲಿ ಬರೀತೀನಿ.

ಮೊದಲು ಒಟ್ಟಕ್ಷರ ಮೇಡಂ ಹೇಳಿದ ಹತ್ತು ಟಿಕೆಟ್ ತೆಗೆದೆ. ಸರಾಸರಿ ಒಂಬತ್ತು ದಿನ, ಅದರಲ್ಲಿ ಕೋಡಿಗೆ ಮೂರೂ ಆಗಿಲ್ಲ. ಮ್ಯಾನೇಜರ್‌ಗೆ ಪ್ರಸ್ತಾವ ಅಂತ ಕೊಟ್ಟಿದ್ದೇ ಆ ಒಂದು ಹಾಳೆ. ಫ್ಲಟರ್ ಮಾತು ಅಲ್ಲಿಗೆ ನಿಂತಿತು. ಡೈಮೆನ್ಷನ್ ಫೈಲ್ ಬಗ್ಗೆ ಮೇಡಂ ಪಂದ್ಯ ಸೋತರು, 1ರಿಂದ 40 ಇರಲಿಲ್ಲ. 1ರಿಂದ 64 ಇತ್ತು. ಜತೆಗೆ ‘ಹದಿನಾಲ್ಕು_ಹೊಸದು’ ಅಂತ ಒಂದು, ಅದರ ಬೆಲೆ 15.

ಆರ್ ಕ್ಲಾಸ್ ಸ್ವಿಚ್ ಆಫ್ ಅಂತಾನೇ ಇತ್ತು. ಆನ್ ಮಾಡೋಕೆ ಸ್ಟುಡಿಯೋದಲ್ಲೇ ಉಪಾಯ ಇದೆ, ಆದ್ರೆ ಸಾವಿರಾರು ಫೈಲ್ ಒಂದೇ ಸಲ ಬದಲಾಗೋದು ಅಂದ್ರೆ ಅರವತ್ತು ಜನರ ಬ್ರಾಂಚ್‌ಗಳು ಜಗಳಕ್ಕೆ ನಿಲ್ತವೆ. ಶುಕ್ರವಾರ ರಾತ್ರಿ ಹತ್ತಕ್ಕೆ ಕೂತು ಮುಗಿಸಿದ್ವಿ. ಸೋಮವಾರ ಬೈಗುಳ ತಿಂದ್ವಿ, ಬುಧವಾರ ಎಲ್ಲ ಮರೆತರು. ಕಾನ್ಫಿಗರೇಷನ್ ಕ್ಯಾಶ್‌ಗೆ ನಮ್ಮದೇ ಮೂರು ಪ್ಲಗಿನ್ ಅಡ್ಡ ಬಂದವು. ಎರಡನ್ನ ಸರಿ ಮಾಡಿದ್ವಿ, ಒಂದನ್ನ ಯಾರು ಯಾಕೆ ಬರೆದಿದ್ದು ಅಂತ ಯಾರಿಗೂ ಗೊತ್ತಿರಲಿಲ್ಲ, ತೆಗೆದೇ ಹಾಕಿದ್ವಿ. ಏನೂ ಆಗಲಿಲ್ಲ.

ಇಷ್ಟಕ್ಕೇ 410 ಇದ್ದಿದ್ದು 240ರ ಆಸುಪಾಸಿಗೆ ಬಂತು. ಆದ್ರೆ ನನ್ನ ದಿನ ಬದಲಾಗಿದ್ದು ಪುಟಾಣಿ ಆ್ಯಪ್‌ನಿಂದ. ಆರ್ಡರ್ ಮಾಡ್ಯೂಲ್‌ಗೆ ಒಂದು ಮಾಡಿಕೊಂಡೆ. ತೆರೆದ್ರೆ ಒಂದು ಪಟ್ಟಿ: ‘ಆರ್ಡರ್ ಬಂದಿದೆ’, ‘ದಾರಿಯಲ್ಲಿದೆ’, ‘ರದ್ದು ಮಾಡಬಹುದು’, ‘ರದ್ದು ಆಗಲ್ಲ’, ‘ನೆಟ್ ಇಲ್ಲ’, ಹೀಗೆ ಹದಿನಾಲ್ಕು ಸ್ಥಿತಿ. ಒತ್ತಿದ್ರೆ ನೇರ ಆ ಸ್ಕ್ರೀನ್. ಬದಲಾವಣೆ ಮಾಡಿ ಫೋನಲ್ಲಿ ನೋಡೋಕೆ 31 ಸೆಕೆಂಡ್. ಹೊಸ ಕಂಪೋಸ್ ಸ್ಕ್ರೀನ್ ಆದ್ರೆ ಅದೂ ಬೇಡ, ಪ್ರಿವ್ಯೂನಲ್ಲೇ ಕಾಣುತ್ತೆ. ಪ್ರಿವ್ಯೂ ಮೊದಲು ನಮ್ಮಲ್ಲಿ ಕೆಲಸವೇ ಮಾಡ್ತಿರಲಿಲ್ಲ. ಸ್ಕ್ರೀನ್ ಫಂಕ್ಷನ್ ಒಳಗೇ ವ್ಯೂಮಾಡೆಲ್ (ಸ್ಕ್ರೀನ್‌ಗೆ ಡೇಟಾ ತಂದುಕೊಡೋ ಭಾಗ) ಎಳೆದುಕೊಂಡಿದ್ದಕ್ಕೆ ಅದು ಕೈ ಚೆಲ್ತಿತ್ತು. ಈಗ ಬರೀ ಡೇಟಾ ತಗೊಂಡು ಬಿಡಿಸೋ ಫಂಕ್ಷನ್ ಬೇರೆ, ವ್ಯೂಮಾಡೆಲ್ ಜೋಡಿಸೋದು ಬೇರೆ. ಪ್ರತಿ ಪ್ರಿವ್ಯೂಗೂ ನಾಲ್ಕು ರೂಪ: ಇಂಗ್ಲಿಷ್, ಕನ್ನಡ, ಕತ್ತಲೆ ಥೀಮ್, ಅಕ್ಷರ 1.3 ಪಟ್ಟು ದೊಡ್ಡದು. ಕರೆಂಟ್ ಹೋದ್ರೂ, ನೆಟ್ ಹೋದ್ರೂ ಇನ್ವರ್ಟರ್ ಇರೋವರೆಗೆ ನಡೀತದೆ. ಸೆಪ್ಟೆಂಬರ್‌ನಲ್ಲಿ ಎರಡು ದಿನ ಲೈನ್ ಇರಲಿಲ್ಲ, ಒಂದು ಇಡೀ ಸ್ಕ್ರೀನ್ ಹಾಗೇ ಮುಗಿಸಿದೆ.

ಪಾಪರಾಜಿಯಲ್ಲಿ ಒದ್ದಾಡಿದ್ದು ಹೇಳಬೇಕು. ನಾನು ಮ್ಯಾಕ್‌ನಲ್ಲಿ ತೆಗೆದ ಚಿತ್ರಕ್ಕೂ ಆಫೀಸಿನ ಲಿನಕ್ಸ್ ಯಂತ್ರದ ಚಿತ್ರಕ್ಕೂ ಕೂದಲೆಳೆ ವ್ಯತ್ಯಾಸ, ಪರೀಕ್ಷೆ ಫೇಲ್. ಒಂದು ವಾರ ಹಾಳಾಯ್ತು. ಈಗ ಚಿತ್ರ ತೆಗೆಯೋದು ಆ ಯಂತ್ರದಲ್ಲಿ ಮಾತ್ರ, ನಮ್ಮ ಕೈಯಲ್ಲಿ ಅಲ್ಲ. ಚಿತ್ರಗಳು ಗಿಟ್‌ನಲ್ಲಿ ಬೆಳೀತಾ ಹೋದವು, ದೊಡ್ಡ ಫೈಲ್‌ಗಳನ್ನ ಬೇರೆ ಕಡೆ ಇಡೋ ಎಲ್‌ಎಫ್‌ಎಸ್‌ಗೆ ಹಾಕಿದ್ವಿ. ನಮ್ಮ ಡಿಸೈನರ್ ಈಗ ಕೋಡ್ ರಿವ್ಯೂ ಪುಟದಲ್ಲೇ ಹಳೇದು ಹೊಸದು ಪಕ್ಕಪಕ್ಕ ನೋಡ್ತಾರೆ, ಸಾಮಾನ್ಯವಾಗಿ ಅವತ್ತೇ ಉತ್ತರ. ಮೊದಲ ವಾರದಲ್ಲೇ ಕನ್ನಡದಲ್ಲಿ ಒತ್ತು ಕತ್ತರಿಸಿದ ಹನ್ನೊಂದು ಜಾಗ ಸಿಕ್ಕವು. ‘ರಾಷ್ಟ್ರೀಯ ರಜೆ ಇರುವುದರಿಂದ ವಿತರಣೆ ತಡ’ ಅನ್ನೋ ಸಾಲು ಅದರಲ್ಲೊಂದು. ಎಷ್ಟು ವರ್ಷದಿಂದ ಹಾಗಿತ್ತೋ.

ಕೈಕೊಟ್ಟಿದ್ದು ರಿಮೋಟ್ ಕ್ಯಾಶ್. ಬೆಂಗಳೂರಿನವರಿಗೆ ವರ, ನನಗೆ ಮಳೆಗಾಲದಲ್ಲಿ ಶಾಪ. ಇಳಿಸಿಕೊಳ್ಳೋ ಹೊತ್ತಿಗೆ ನಾನೇ ಕಂಪೈಲ್ ಮಾಡಿ ಮುಗಿಸಿರ್ತೀನಿ. ನೆಟ್ ನಿಧಾನ ಇದ್ದಾಗ ಅದನ್ನ ಬಿಟ್ಟು ಲೋಕಲ್ ಕ್ಯಾಶ್ ಮಾತ್ರ ಬಳಸೋ ಹಾಗೆ ಮಾಡ್ಕೊಂಡಿದ್ದೀನಿ. ಇನ್ನೊಂದು, ಬೇರೆ ಎರಡು ತಂಡದವರು ಪುಟಾಣಿ ಆ್ಯಪ್ ಮಾಡಿ ಬಿಟ್ಟುಬಿಟ್ರು, ಒಂದು ತಿಂಗಳಲ್ಲಿ ಅದು ಕಂಪೈಲೇ ಆಗ್ತಿರಲಿಲ್ಲ. ಈಗ ಪ್ರತಿ ಬದಲಾವಣೆಗೂ ಅವೂ ಕಟ್ಟಲೇಬೇಕು ಅಂತ ನಿಯಮ.

ಎರಡು ಪಟ್ಟು ಆಯ್ತಾ ಅಂದ್ರೆ ಇಲ್ಲ. ಕಳೆದ ಹತ್ತು ಟಿಕೆಟ್ ಸರಾಸರಿ ಆರು ದಿನ. ಮ್ಯಾನೇಜರ್ ಮುಖ ಅಷ್ಟಕ್ಕಷ್ಟೇ.

ಡೇಟಾ ಬೈಂಡಿಂಗ್ ಇನ್ನೂ 37 ಮಾಡ್ಯೂಲ್‌ನಲ್ಲಿ ಉಳಿದಿದೆ. ಇಂಚು_ಸೆಂಟ್ಸ್ ಅವರೇ, ಟೂ ವೇ ಬೈಂಡಿಂಗ್ (ಸ್ಕ್ರೀನ್ ಬದಲಾದ್ರೆ ಡೇಟಾ, ಡೇಟಾ ಬದಲಾದ್ರೆ ಸ್ಕ್ರೀನ್ ಬದಲಾಗೋದು) ಇರೋ ಫಾರಂ ಸ್ಕ್ರೀನ್‌ಗಳನ್ನ ನೀವು ಹೇಗೆ ಬಿಡಿಸಿದ್ರಿ? ನಾನು ಒಂದನ್ನ ಬಿಡಿಸೋಕೆ ಹೋಗಿ ಪಿನ್‌ಕೋಡ್ ತುಂಬಿದ್ರೆ ವಿಳಾಸ ಅಳಿಸಿ ಹೋಗ್ತಿದೆ. ಪುರುಸೊತ್ತಾದಾಗ ಬರೀರಿ. ಸದ್ಯ ಎದ್ದೆ, ಮೋಡ ಕಟ್ಟಿದೆ, ಕಣದಲ್ಲಿ ಅರೇಬಿಕಾ ಹರವಿದೆ, ಅಪ್ಪ ಟಾರ್ಪಲ್ ಹಿಡಿದು ಕೂಗ್ತಿದ್ದಾರೆ.

---

ಇಂಚು_ಸೆಂಟ್ಸ್, ಗೋಣಿಕೊಪ್ಪ

ಕಾಫಿ ಮುಚ್ಚಿ ಬನ್ನಿ. ಪಿನ್‌ಕೋಡ್ ಬದಲಾದಾಗ ವಿಳಾಸ ಕೇಳೋ ಲಿಸನರ್ (ಬದಲಾವಣೆ ಆದ ಕೂಡಲೇ ಓಡೋ ಕೋಡು), ನೀವೇ ಕೋಡಿನಿಂದ ಪಠ್ಯ ಹಾಕಿದಾಗಲೂ ಓಡ್ತಿದೆ. ಮನುಷ್ಯ ಬರೆದಿದ್ದೋ ಕೋಡು ಬರೆದಿದ್ದೋ ಅಂತ ಅದಕ್ಕೆ ಗೊತ್ತಿಲ್ಲ. ಹೊಸ ಬೆಲೆ ಹಳೇದೇ ಆಗಿದ್ರೆ ಹಾಕಲೇಬೇಡಿ, ಮೊದಲು ಅದೊಂದು ಇಫ್ ಸೇರಿಸಿ ನೋಡಿ. ಆ ಲಿಸನರ್ ಇಲ್ಲಿ ಅಂಟಿಸಿ, ಸಂಜೆ ನೋಡ್ತೀನಿ.